ತಿಂಥಣಿಯ ಕೋಳಿ, ಪೋಲೆಂಡಿನ ಅಡುಗೆಮನೆ

ಪಂಜರದ ಮೊಟ್ಟೆಯ ಪರಿಣಾಮವನ್ನು ಅನುಭವಿಸಿದವರು ಕೋಳಿಗಳು, ಮತ್ತು ಆ ಕೋಳಿಗಳ ಹಿಕ್ಕೆ ಬಾಚಿದ ಹೆಂಗಸರು. ಮೊಟ್ಟೆ ಮಾರಿದವನ ಎದೆಗೆ ಏನೂ ಆಗಲಿಲ್ಲ. ಮೊಟ್ಟೆ ಕೊಳ್ಳುವ ಕಾಗದಕ್ಕೆ ಸಹಿ ಹಾಕಿದವರ ಕಣ್ಣು ಉರಿಯಲಿಲ್ಲ. ಒಂದು ಹಾಳೆ ಕಾಗದದಷ್ಟು ಜಾಗದಲ್ಲಿ ನಿಂತು, ರೆಕ್ಕೆ ಬಿಚ್ಚದೆ, ಒಮ್ಮೆಯೂ ಮಣ್ಣು ಕೆದರದೆ ಸತ್ತದ್ದು ಕೋಳಿ. ಅದರ ಕೆಳಗೆ ಬಗ್ಗಿ ಹನ್ನೊಂದು ವರ್ಷ ಹಿಕ್ಕೆ ಬಾಚಿ, ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ಕೂರುವವರು ಸುರಪುರ ತಾಲ್ಲೂಕಿನ ತಿಂಥಣಿಯ ಮಾನಮ್ಮ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ನನ್ನ ಜೊತೆ ವಿಮಾನ ಹತ್ತಿದವರು ಅವರೇ.

ಹೊರಡುವ ಮೊದಲು: ಸುರಪುರ

ನಾನು ಶಹಾಪುರದವಳು. ಬೌದ್ಧ ಮನೆತನ, ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆಯಬೇಕು ಎಂಬುದು ನಮ್ಮ ಮನೆಯ ಪಾಠ. ಕೆಲವು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಬಳಿಕ ಕೋಳಿ ಶೆಡ್ಡುಗಳ ಕೋಳಿಗಳಿಗಾಗಿ, ಅಲ್ಲಿ ದುಡಿಯುವ ಹೆಂಗಸರಿಗಾಗಿ ಓಡಾಡತೊಡಗಿದೆ.

ಆ ಓಡಾಟದ ಆರಂಭದಲ್ಲಿ ನಾನೂ ಒಂದು ತಪ್ಪು ಮಾಡಿದೆ. ಮೊದಲು ನಾನು ಮೊಟ್ಟೆ ಬಿಟ್ಟೆ. ನಂತರ ಪ್ರತಿಜ್ಞಾ ಚೀಟಿಗಳನ್ನು ಅಚ್ಚು ಹಾಕಿಸಿ, 'ಇಂದಿನಿಂದ ನಾನು ಪಂಜರದ ಮೊಟ್ಟೆ ತಿನ್ನುವುದಿಲ್ಲ' ಎಂದು ಊರೂರಲ್ಲಿ ಸಹಿ ಮಾಡಿಸಿದೆ. ಹಾಗೆ ಒಂದು ದಿನ ಮಾನಮ್ಮ ಅವರ ಮನೆಯ ಕಟ್ಟೆಗೂ ಹೋದೆ. ಅವರು ಆಗಿನ್ನೂ ಶೆಡ್ಡಿನಲ್ಲೇ ದುಡಿಯುತ್ತಿದ್ದರು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಾ ತಿನ್ನೂದು ಬಿಟ್ರ ಶೆಡ್ಡಿನ ಬಾಗಿಲಾ ತೆರೀತಾರೇನ್ರಿ ಟೀಚರ?"

"ಎಲ್ಲರೂ ಬಿಟ್ಟರೆ..."

"ಎಲ್ಲಾರೂ ಅಂದ್ರ ಯಾರ್ರಿ? ನಮ್ಮ ಓಣ್ಯಾಗ ತತ್ತಿ ಕೊಂಡು ತಿನ್ನೋರು ಯಾರದಾರ, ತೋರಸ್ರಿ. ಶೆಡ್ಡಿನ ಗಾಡಿ ತುಂಬಿ ಹೋಗೂದು ಹಾಸ್ಟೆಲ್ಲಿಗಿ. ಅಲ್ಲಿ ಹುಡುಗ್ರು ತಟ್ಟಿ ಹಿಡದು ಸಾಲಾಗಿ ನಿಂತಿರ್ತಾವು. ಅವನ್ನ ಹಿಡದು ಬ್ಯಾಡ ಅನಸ್ತೀರೇನು?"

ಇಲ್ಲ, ಅವರ ಬಾಯಲ್ಲಿ ಬೇಡ ಅನ್ನಿಸುವುದಿಲ್ಲ. ಮಡಿಯ ಹೆಸರಿನಲ್ಲಿ ಬಡ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಸಿಯಲು ಬಂದವರನ್ನು ನಾನು ಎದುರಿಸಿದ್ದೇನೆ. ಅವರ ಸಾಲಿನಲ್ಲಿ ನನ್ನನ್ನು ಯಾರೂ ನಿಲ್ಲಿಸಕೂಡದು. ಹಸಿದ ಮಗುವಿನ ಆಹಾರವನ್ನು ಜಾತಿಯ ತಕ್ಕಡಿಯಲ್ಲಿ ತೂಗುವುದು ಒಂದು ಅನ್ಯಾಯ. ಆ ಆಹಾರವನ್ನು ಪಂಜರದಿಂದಲೇ ತರುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹೇಳುವ ಮಾತು ನನಗೆ ಆಗ ಗೊತ್ತಿರಲಿಲ್ಲ. ಉಳಿದ ಚೀಟಿಗಳ ಕಟ್ಟು ಇಂದಿಗೂ ಕಪಾಟಿನಲ್ಲಿದೆ.

ಆಮೇಲೊಂದು ಬೇಸಿಗೆಯಲ್ಲಿ ಮಾನಮ್ಮ ಶೆಡ್ಡಿನೊಳಗೇ ಉಸಿರುಗಟ್ಟಿ ಬಿದ್ದರು. ಮತ್ತೆ ಅಲ್ಲಿ ಕಾಲಿಡಬೇಡಿ ಎಂದು ಡಾಕ್ಟರು ಹೇಳಿದರು. ಅವರ ಜೊತೆಗೆ ಮೂವತ್ತೊಂದು ಮನೆಯ ಹೆಂಗಸರು ಕೆಲಸ ಬಿಟ್ಟು ಹೊರಬಂದರು. ಸಂಘ ಕಟ್ಟಿಕೊಂಡು ಅಂಗಳದಲ್ಲಿ ಜವಾರಿ ಕೋಳಿ, ಗಿರಿರಾಜ ಕೋಳಿ ಸಾಕಿದರು. ಮೊಟ್ಟೆಯೇನೋ ಬಂತು. ಆದರೆ ಸುರಪುರ ತಾಲ್ಲೂಕಿನ ವಸತಿನಿಲಯಗಳ ಖರೀದಿ ಪೂರ್ತಿಯಾಗಿ ಒಬ್ಬನೇ ಗುತ್ತಿಗೆದಾರನ ಕೈಯಲ್ಲಿತ್ತು. ಆತನೇ ಆ ಶೆಡ್ಡಿನ ಮಾಲೀಕ.

ವಸತಿನಿಲಯಗಳಿಗೆ ಸಂಘದ ಮೊಟ್ಟೆ ಕೊಳ್ಳಿ ಎಂದು, ಯಾರ ಮನೆಯಲ್ಲಿ ಎಷ್ಟು ಕೋಳಿ ಎಂಬ ಪಟ್ಟಿಯೊಂದಿಗೆ ನಾವು ಅರ್ಜಿ ಹಾಕಿದೆವು. ಅಲ್ಲಿ ಈ ಹೆಂಗಸರಿಂದ ಮಾತ್ರವೇ ಆಗಬಹುದಾದ ಒಂದು ತಪ್ಪಾಯಿತು. ನಮ್ಮ ಕಡೆ ಕೋಳಿಯನ್ನು ಪಾಲಿಗೆ ಕೊಡುವ ರೂಢಿ ಇದೆ. ಒಬ್ಬಳ ಹೇಂಟೆಯನ್ನು ಇನ್ನೊಬ್ಬಳು ತನ್ನ ಮನೆಯಲ್ಲಿ ಸಾಕುತ್ತಾಳೆ. ಹುಟ್ಟಿದ ಮರಿಗಳಲ್ಲಿ ಅರ್ಧ ಅವಳಿಗೆ, ಅರ್ಧ ಇವಳಿಗೆ. ಕೋಳಿ ಯಾರದು ಎಂದು ಕೇಳಿದರೆ ಇಬ್ಬರೂ "ನಂದ" ಎನ್ನುತ್ತಾರೆ, ಮತ್ತು ಇಬ್ಬರ ಮಾತೂ ನಿಜ. ಪಟ್ಟಿಯಲ್ಲಿಯೂ ಇಬ್ಬರೂ ಬರೆಸಿದರು. ಪರಿಶೀಲನೆಗೆ ಬಂದವರು ನೋಡಿದರೆ ಕಾಗದದ ಕೋಳಿಗಳು ಅಂಗಳದ ಕೋಳಿಗಳಿಗಿಂತ ಬಹಳ ಹೆಚ್ಚು.

ಖರೀದಿ ವಿಭಾಗದ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಏನವ್ವಾ, ನಿಮ್ಮೂರಾಗ ಕೋಳಿಗೂ ಎರಡೆರಡು ರೇಷನ್ ಕಾರ್ಡ್ ಅದಾವೇನು?"

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಅರ್ಜಿ ವಾಪಸ್ಸಾಯಿತು. ಪಂಜರದ ವಿಷಯವನ್ನಾದರೂ ಕೇಳಿ ಎಂದು ನಾನು ಪಟ್ಟು ಹಿಡಿದೆ. ಅವರು ಶಾಂತವಾಗಿಯೇ ಹೇಳಿದರು: "ಜನಾ ಪಂಜರದ ತತ್ತಿ ಬ್ಯಾಡಂದ್ರ ನಾವೂ ತರಸೂದಿಲ್ರಿ ಮೇಡಂ. ಮೊದ್ಲ ಜನರಿಗಿ ತಿಳಿಸಿ ಹೇಳ್ರಿ. ಆಮ್ಯಾಲ ನಮ್ಮ ಕಡಿ ಬರ್ರಿ."

ಎರಡು ತಿಂಗಳಲ್ಲಿ ಹೊಸ ಖರೀದಿಯ ಕಾಗದ ಹೊರಡುವುದಿತ್ತು. ಅದೂ ಆತನಿಗೇ ಹೋದರೆ ಹೆಂಗಸರು ಮತ್ತೆ ಶೆಡ್ಡಿಗೆ ಮರಳಬೇಕು. "ಬರೂದಿದ್ರ ಎಲ್ಲಾರೂ ಒಮ್ಮಿಗೇ ಬರ್ರಿ, ಮಾನಮ್ಮನ್ನೂ ಕರಕೊಂಡು ಬರ್ರಿ" ಎಂದು ಮಾಲೀಕ ಆಗಲೇ ಹೇಳಿ ಕಳಿಸಿದ್ದ. ಪೋಲೆಂಡಿನ ಆಹ್ವಾನ ಬಂದದ್ದು ಇಂಥ ಹೊತ್ತಿನಲ್ಲಿ. ಅಲ್ಲಿನ ಒಂದು ಮಧ್ಯಮ ಗಾತ್ರದ ಪಟ್ಟಣದಲ್ಲಿ ಪಂಜರದ ವಿರುದ್ಧ ಕೆಲಸ ಮಾಡುವ ಮಾರ್ತಾ ಎಂಬ ಯುವತಿ ನನಗೆ ಪತ್ರ ಬರೆಯುತ್ತಿದ್ದಳು. ಶೆಡ್ಡಿನಲ್ಲಿ ದುಡಿದವರೊಬ್ಬರು ಬಂದು ಮಾತಾಡಬೇಕು ಎಂಬುದು ಅವಳ ಆಸೆ.

ಮೊದಲ ದಿನ: ಬಾಗಿಲಲ್ಲಿ ಚಪ್ಪಲಿ

ಮಾರ್ತಾಳ ಮನೆ ಮೂರನೇ ಮಹಡಿಯಲ್ಲಿ. ಲಿಫ್ಟಿನಲ್ಲಿ ಒಬ್ಬ ಮುದುಕರಿದ್ದರು; ನಮ್ಮನ್ನು ಕಂಡು "ಜೆನ್ ದೋಬ್ರಿ" ಎಂದರು. ಅಪರಿಚಿತರಿಗೂ ಲಿಫ್ಟಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ನಮಸ್ಕಾರ ಹೇಳುವುದು ಅಲ್ಲಿನ ವಾಡಿಕೆ. ಮಾನಮ್ಮ ಅವರಿಗೆ ಅದು ಬಹಳ ಹಿಡಿಸಿತು. "ನೋಡ್ರಿ, ಇವ್ರೂ 'ರಿ' ಹಚ್ಚೇ ಮಾತಾಡ್ತಾರ" ಎಂದರು. ಅಂದಿನಿಂದ ಬಸ್ಸಿನ ಡ್ರೈವರಿಗೆ, ತರಕಾರಿ ಮಾರುವವಳಿಗೆ, ಒಮ್ಮೆ ಒಂದು ನಾಯಿಗೆ ಕೂಡ, ಅವರು ತಪ್ಪದೆ ಜೆನ್ ದೋಬ್ರಿ ಹೇಳಿದರು.

ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮಗೇನೂ ಹೊಸದಲ್ಲ. ಆದರೆ ಬಿಟ್ಟ ಮೇಲೆ ಮತ್ತೊಂದು ಜೊತೆ ಬಟ್ಟೆಯ ಚಪ್ಪಲಿ ತೊಡಿಸುತ್ತಾರೆ. ಅತಿಥಿಗಳಿಗೆಂದೇ ಅಲ್ಲಿ ಒಂದು ಸಾಲು ಇರುತ್ತದೆ. ಅದರಲ್ಲಿ ಮಾನಮ್ಮ ಅವರ ಪಾದಕ್ಕೆ ಹೊಂದಿದ್ದು ಮೊಲದ ಕಿವಿಗಳಿದ್ದ ಗುಲಾಬಿ ಚಪ್ಪಲಿ ಮಾತ್ರ, ಯಾವುದೋ ಮಗುವಿನದಿರಬೇಕು. ಇಳಕಲ್ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಕಾಲಲ್ಲಿ ಮೊಲ. ಅವರು ಕೆಳಗೆ ನೋಡಿಕೊಂಡು, "ನಮ್ಮೂರಾಗ ಇದನ್ನ ಯಾರಿಗೂ ಹೇಳಬ್ಯಾಡ್ರಿ ಟೀಚರ" ಎಂದರು. ಅವರ ಅನುಮತಿ ಪಡೆದೇ ಈಗ ಬರೆಯುತ್ತಿದ್ದೇನೆ.

ಊಟಕ್ಕೆ ನಮ್ಮ ಗೌರವಾರ್ಥವಾಗಿ ಬೀಟ್‌ರೂಟಿನ ತಣ್ಣನೆಯ ಸಾರು. ನಾನು ಹೊಗಳಿ ಕುಡಿದೆ. ಮಾನಮ್ಮ ಎರಡು ಚಮಚ ಕುಡಿದು, ಚೀಲದಿಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮೇಜಿನ ನಡುವೆ ಇಟ್ಟರು. ಮಾರ್ತಾ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಮೂರು ರೊಟ್ಟಿ ತಿಂದಳು.

ಎರಡನೆಯ ದಿನ: ಅಂಗಡಿ

ಆ ದೇಶದಲ್ಲಿ ಪ್ರತಿ ಮೊಟ್ಟೆಯ ಮೇಲೂ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಮೊದಲ ಅಂಕಿ ಕೋಳಿಯ ಬದುಕನ್ನು ಹೇಳುತ್ತದೆ. ಸೊನ್ನೆ ಎಂದರೆ ಹೊರಗೆ ಅಡ್ಡಾಡಿ, ಸಾವಯವ ಕಾಳು ತಿಂದ ಕೋಳಿ. ಒಂದು ಎಂದರೆ ಹೊರಗೆ ಅಡ್ಡಾಡುವ ಕೋಳಿ. ಎರಡು ಎಂದರೆ ಕಟ್ಟಡದೊಳಗೆ, ಆದರೆ ನೆಲದ ಮೇಲೆ. ಮೂರು ಎಂದರೆ ಪಂಜರ. ಮಾರ್ತಾ ಹತ್ತು ವರ್ಷಗಳಿಂದ ಪ್ರತಿ ಶನಿವಾರ ಒಂದು ದೊಡ್ಡ ಅಂಗಡಿಯ ಮೊಟ್ಟೆಯ ಕಪಾಟಿನ ಬಳಿ ನಿಂತು, ಮೂರನ್ನು ಕೊಳ್ಳಬೇಡಿ ಎಂದು ಜನರಿಗೆ ತಿಳಿಹೇಳುತ್ತ ಬಂದಿದ್ದಳು. ನಮ್ಮನ್ನೂ ಅಲ್ಲಿಗೆ ಕರೆದೊಯ್ದಳು. ಸಂಖ್ಯೆಗಳ ಅರ್ಥ ಹೇಳದೆ, ಸುಮ್ಮನೆ ಒಂದು ಡಬ್ಬಿ ಆರಿಸಿ ಎಂದು ಮಾನಮ್ಮ ಅವರನ್ನು ಕೇಳಿದಳು. ಬಸ್ಸಿನ ನಂಬರು ಓದುವಷ್ಟು ಅಂಕಿ ಬಲ್ಲ ಮಾನಮ್ಮ ಎಲ್ಲ ಡಬ್ಬಿಗಳನ್ನೂ ತೆರೆದು, ನಿಧಾನವಾಗಿ ನೋಡಿ, ಮೂರನ್ನು ಎತ್ತಿಕೊಂಡರು.

"ಇದ್ಯಾಕೆ?" ಎಂದೆ ಗಾಬರಿಯಿಂದ.

"ಮೂರು ಮಾರ್ಕ್ಸ್ ಬಂದದಲ್ರಿ. ಸೊನ್ನಿ ಬಂದದ್ದನ್ನ ಯಾರರೆ ತಿಂತಾರೇನು?"

ಹನ್ನೊಂದು ವರ್ಷ ಪಂಜರದ ಕೆಳಗೆ ದುಡಿದ ಹೆಂಗಸು ಪಂಜರದ ಮೊಟ್ಟೆಯನ್ನೇ ಆರಿಸಿದರು. ಅರ್ಥ ವಿವರಿಸಿದಾಗ ಅವರು ಡಬ್ಬಿಯನ್ನು ಹಿಂದಕ್ಕಿಟ್ಟರು, ಆದರೆ ನಾಚಲಿಲ್ಲ. "ನನಗೇ ತಿಳೀಲಿಲ್ಲಂದ್ರ, ಅವಸರದಾಗ ಬರೋ ಮಂದಿಗಿ ಹೆಂಗ ತಿಳೀಬೇಕು? ಈ ಹುಡುಗಿ ಒಬ್ಬೊಬ್ಬರನ್ನ ಹಿಡದು ಎಷ್ಟು ವರ್ಷ ಹೇಳ್ತಾಳ?"

ನಾನು ಇಂಗ್ಲಿಷಿಗೆ ಅನುವಾದಿಸಿ ಹೇಳಿದೆ. ಮಾರ್ತಾ ಕಪಾಟಿನ ಕಡೆ ಕೈ ತೋರಿಸಿದಳು. ಈ ಕಪಾಟಿನಲ್ಲಿ ಮೂರರ ಡಬ್ಬಿಗಳು ಕಡಿಮೆಯಾಗಿವೆ, ನಿಜ. ಆದರೆ ಊರಾಚೆಯ ಶೆಡ್ಡು ಮಾತ್ರ ಮುಚ್ಚಿಲ್ಲ, ಇನ್ನೊಂದು ಹೊಸದೂ ಎದ್ದಿದೆ ಎಂದಳು. ನನ್ನ ಕಪಾಟಿನ ಚೀಟಿಗಳ ಕಟ್ಟು ಕಣ್ಣ ಮುಂದೆ ಬಂತು. ಅವಳ ಭುಜದ ಮೇಲೆ ಕೈಯಿಟ್ಟೆ. ನಮ್ಮಿಬ್ಬರ ತಪ್ಪೂ ಒಂದೇ. ತಪ್ಪಿತಸ್ಥರು ಎದುರಿಗೆ ಸಿಗುವುದಿಲ್ಲ; ಹಾಗಾಗಿ ಎದುರಿಗೆ ಸಿಕ್ಕವರನ್ನೇ ನಾವು ತಪ್ಪಿತಸ್ಥರನ್ನಾಗಿ ಮಾಡಿದ್ದೆವು.

ಮೂರನೆಯ ದಿನ: ಶೆಡ್ಡಿನ ಹಿಂದಿನ ದಾರಿ

ಊರಿನಾಚೆ ಸಮತಟ್ಟು ಹೊಲಗಳು. ಕೃಷ್ಣೆಯ ದಂಡೆಯ ನಮ್ಮ ಎರೆಭೂಮಿಯ ಹಾಗೆ ಕಣ್ಣು ಹರಿದಷ್ಟೂ ಬಯಲು. ನಡುವೆ ಕಿಟಕಿಗಳಿಲ್ಲದ ಎರಡು ಉದ್ದ ಕಟ್ಟಡಗಳು. ಒಳಗೆ ಬಿಡುವುದಿಲ್ಲ. ಬೇಲಿಯ ಹೊರಗಿನ ಕಾಲುದಾರಿಯಲ್ಲಿ ನಿಂತೆವು. ಮಾನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗು ಸರಿಸಿ, ಕಣ್ಣು ಮುಚ್ಚಿ, ಮೂಸಿದರು.

"ಪಂಜರದ ಕೆಳಗ ಓಡೋ ಬೆಲ್ಟ್ ಮ್ಯಾಲಿನ ಹಿಕ್ಕಿ ನಿನ್ನೆ ತೆಗದಿಲ್ಲ. ಮೊನ್ನೆನೂ ತೆಗದಿಲ್ಲ. ಕಣ್ಣಾಗ ಚುಚ್ಚಾಕತ್ತದ ನೋಡ್ರಿ." ಮತ್ತೆ ಕಿವಿಗೊಟ್ಟರು. "ಆ ಕಡಿ ಮೂಲ್ಯಾಗಿನ ಫ್ಯಾನು ತಿರಗವಲ್ದು. ಅಲ್ಲಿ ಕೋಳಿ ಕೂಗೂದು ಬ್ಯಾರೆ ಕೇಳಸ್ತದ."

ಭಾಷೆ ಬಾರದ ದೇಶದಲ್ಲಿ, ಎಂದೂ ಕಾಣದ ಕಟ್ಟಡವೊಂದರ ರೋಗವನ್ನು ಗೋಡೆಯ ಹೊರಗೆ ನಿಂತೇ ಅವರು ಹೇಳಿದರು. ಅಷ್ಟರಲ್ಲಿ ಒಬ್ಬ ಕೆಲಸಗಾರ್ತಿ ಹಿಂಬಾಗಿಲಿನಿಂದ ಹೊರಬಂದು ಗೋಡೆಗೆ ಒರಗಿ ಕೆಮ್ಮತೊಡಗಿದಳು. ಪಕ್ಕದ ದೇಶದಿಂದ ಕೂಲಿಗೆ ಬಂದವಳಂತೆ. ಮಾನಮ್ಮ ಬೇಲಿಯ ಬಳಿ ಹೋಗಿ, ತಮ್ಮ ಎದೆ ಮುಟ್ಟಿ ತೋರಿಸಿ, ತಾವೂ ಹಾಗೆಯೇ ಕೆಮ್ಮಿದರು. ಆಕೆ ದಿಟ್ಟಿಸಿ ನೋಡಿದಳು. ನಂತರ ಕೆಮ್ಮಿನ ನಡುವೆಯೇ ನಕ್ಕು, ಕೈಬೆರಳಿನಿಂದ ಆ ಮೂಲೆಯ ಫ್ಯಾನನ್ನು ತೋರಿಸಿ, ಕುತ್ತಿಗೆಯ ಮೇಲೆ ಬೆರಳು ಎಳೆದಳು: ಕೆಟ್ಟಿದೆ.

ಲಾರಿಯೊಂದು ಟ್ರೇ ತುಂಬಿಕೊಂಡು ಹೊರಟಿತು. ಅದು ಅಂಗಡಿಗಲ್ಲ ಎಂದಳು ಮಾರ್ತಾ. ಶಾಲೆಗಳಿಗೆ, ಬೇಕರಿಗಳಿಗೆ, ಆಸ್ಪತ್ರೆಗೆ. ಒಡೆದು ಪಾತ್ರೆಗೆ ಸುರಿಯುವ ಮೊಟ್ಟೆಯ ಮೇಲಿನ ಅಂಕಿಯನ್ನು ಯಾರು ಓದುತ್ತಾರೆ?

ಆಸ್ಪತ್ರೆಯ ಅಡುಗೆಮನೆ

ಓದುವವರೊಬ್ಬರು ಇದ್ದರು. ಆಸ್ಪತ್ರೆಯ ಮುಖ್ಯ ಅಡುಗೆಯವರಾದ ಹಲೀನಾ, ಅರವತ್ತರ ಆಸುಪಾಸಿನವರು. ಕೈತೋಳು ನಮ್ಮೂರಿನ ಪೈಲ್ವಾನರ ಹಾಗೆ. ಒಂದೊಂದು ಕೈಯಲ್ಲಿ ಎರಡೆರಡು ಮೊಟ್ಟೆ ಒಡೆಯುತ್ತ ಹೇಳಿದರು: "ಅಂಗಡಿಯಲ್ಲಿ ನಿಂತ ಹುಡುಗಿಯರು ನನ್ನ ಮಗಳನ್ನು ಕೇಳಿದರು, ನನ್ನ ಅತ್ತೆಯನ್ನು ಕೇಳಿದರು. ಇಡೀ ಊರಿನಲ್ಲಿ ಅತಿ ಹೆಚ್ಚು ಮೊಟ್ಟೆ ಒಡೆಯುವ ನನ್ನನ್ನು ಒಂಬತ್ತು ವರ್ಷ ಯಾರೂ ಕೇಳಲಿಲ್ಲ."

ಮಾರ್ತಾ ಕೆಂಪಾದಳು. ಹಿಂದಿನ ವರ್ಷ ಕೇಳಿದ್ದೂ ಅವಳೇ. ಆಗ ಹಲೀನಾ ಪೆಟ್ಟಿಗೆಯಿಂದ ನಗರಸಭೆಯ ಖರೀದಿ ಷರತ್ತುಗಳ ಹಾಳೆ ತೆಗೆದು ತೋರಿಸಿದ್ದರು. ಮೊಟ್ಟೆ ತಾಜಾ ಇರಬೇಕು, ಇಷ್ಟು ತೂಕವಿರಬೇಕು, ದರ ಎಲ್ಲರಿಗಿಂತ ಕಡಿಮೆಯಿರಬೇಕು. ಕೋಳಿಯ ಬಗ್ಗೆ ಒಂದಕ್ಷರವಿಲ್ಲ. ಅದೇ ಹಾಳೆಯ ಕೆಳಗೆ ಹಲೀನಾ ಒಂದು ಸಾಲು ಬರೆದರು: ಮೂರನೇ ನಂಬರಿನ ಮೊಟ್ಟೆಯನ್ನು ಸ್ವೀಕರಿಸುವುದಿಲ್ಲ. ಆ ಸಾಲು ಒಂದು ವರ್ಷ ಮೇಜಿನಿಂದ ಮೇಜಿಗೆ ತಿರುಗಿ, ಇದೀಗ ಶುಕ್ರವಾರ ನಗರಸಭೆಯ ಮುಂದೆ ಬರುವುದಿತ್ತು.

ಅಂದು ಸಂಜೆ ಹಲೀನಾ ನಮ್ಮನ್ನು ತಮ್ಮ ತಂಗಿಯ ಹಳ್ಳಿಗೆ ಕರೆದೊಯ್ದರು. ಏಳೆಂಟು ಸಣ್ಣ ರೈತ ಕುಟುಂಬಗಳು ಸೇರಿ ಕೋಳಿ ಸಾಕುತ್ತವೆ. ಮೊಟ್ಟೆಗಳನ್ನು ಒಂದೇ ಕಡೆ ಕೂಡಿಸಿ ಕಳಿಸುತ್ತವೆ. ಹೊತ್ತು ಮುಳುಗುತ್ತಿದ್ದಂತೆ ಹುಲ್ಲಿನಲ್ಲಿದ್ದ ಕೋಳಿಗಳು ತಾವಾಗಿಯೇ ಸಾಲುಗಟ್ಟಿ ತಮ್ಮ ತಮ್ಮ ಗೂಡು ಸೇರತೊಡಗಿದವು. ಮಾನಮ್ಮ ನೋಡುತ್ತ ನಿಂತವರು ತಟ್ಟನೆ ಕೇಳಿದರು: "ಯಾರ ಕೋಳಿ ಯಾವ್ದು ಅಂತ ಸರ್ಕಾರಕ್ಕ ಹೆಂಗ ಬರಕೊಡ್ತಾರಂತ ಕೇಳ್ರಿ."

ತಂಗಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಕೋಳಿಯ ಒಡೆಯರು ಯಾರು ಎಂದು ಯಾರೂ ಕೇಳುವುದಿಲ್ಲ. ಗೂಡಿಗೆ ಒಂದು ನಂಬರಿದೆ, ಕತ್ತಲಾದಾಗ ಆ ಗೂಡಿನಲ್ಲಿ ಇರುವಷ್ಟು ಕೋಳಿ ಆ ಗೂಡಿನದು.

ಮಾನಮ್ಮ ಹಣೆ ಬಡಿದುಕೊಂಡು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. "ಟೀಚರ, ನಾವೆಂಥಾ ಹುಚ್ಚ ಮಂದಿ! ಸಂಜಿಗಿ ಯಾರ ಮನಿ ಬುಟ್ಟಿ ಸೇರ್ತದೋ ಆ ಮನಿ ಕೋಳಿ ಅಂತ ಬರಸಿದ್ರ ಮುಗೀತಿತ್ತು. ಪಾಲು ನಮ್ಮ ನಮ್ಮೊಳಗಿಂದು. ಅದನ್ನೊಯ್ದು ಸರ್ಕಾರದ ಕಾಗದದಾಗ ಯಾಕ ತುರುಕಿದ್ವಿ?"

ಐದು ವರ್ಷದ ಸಂಘಟನೆ, ಮೂರು ಕಾರ್ಯಾಗಾರ, ನನ್ನ ವಿಜ್ಞಾನದ ಪದವಿ. ಯಾವುದರಿಂದಲೂ ಬಿಡಿಸಲಾಗದಿದ್ದ ಗಂಟನ್ನು ಅವರು ಪರದೇಶದ ಹುಲ್ಲುಗಾವಲಿನಲ್ಲಿ ನಿಂತು ಬಿಡಿಸಿದರು.

ಶುಕ್ರವಾರ: ನಗರಸಭೆ

ಸಭಾಂಗಣದಲ್ಲಿ ಮರದ ಬೆಂಚುಗಳು. ಮಾನಮ್ಮ ಒಳಹೊಕ್ಕವರೇ ಎಲ್ಲರಿಗೂ ಕೇಳುವಂತೆ ಜೆನ್ ದೋಬ್ರಿ ಎಂದರು. ಇಡೀ ಸಭೆ ಮರುನುಡಿಯಿತು.

ವಿರೋಧವನ್ನು ಮಂಡಿಸಿದವರು ಒಬ್ಬ ಹಿರಿಯ ಸದಸ್ಯರು. ಸೌಜನ್ಯದ ಮನುಷ್ಯ, ಚೆನ್ನಾಗಿಯೇ ಮಾತಾಡಿದರು. "ನನ್ನ ಮನೆಯಲ್ಲಿ ನಾವು ಪಂಜರದ ಮೊಟ್ಟೆ ತರುವುದಿಲ್ಲ. ಅದು ನನ್ನ ಆತ್ಮಸಾಕ್ಷಿಯ ವಿಷಯ. ಆದರೆ ಜನರ ತಟ್ಟೆಗೆ ನಗರಸಭೆ ಕೈ ಹಾಕಬಾರದು. ಪ್ರತಿಯೊಬ್ಬ ನಾಗರಿಕನೂ ತಾನೇ ಆರಿಸಲಿ."

ಸುರಪುರದ ಕಚೇರಿಯಲ್ಲಿ ಕೇಳಿದ ಮಾತೇ ಇದು. ಹೊಣೆಯನ್ನು ಸಾವಿರ ಜನರ ಮೇಲೆ ಹಂಚಿ, ಯಾರ ಮೇಲೂ ಉಳಿಯದಂತೆ ಮಾಡುವ ಈ ವಿದ್ಯೆಗೆ ದೇಶಭಾಷೆಗಳ ಗಡಿಯಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅಂದು ಮಾತಿನ ಸರದಿ ನನ್ನದಾಗಿರಲಿಲ್ಲ.

ಮಾನಮ್ಮ ಎದ್ದು ನಿಂತರು. ಅವರ ಕನ್ನಡವನ್ನು ನಾನು ಇಂಗ್ಲಿಷಿಗೆ ತಂದೆ, ಮಾರ್ತಾ ಪೋಲಿಷಿಗೆ.

"ಅಣ್ಣಾರ, ನೀವು ಚೊಲೋ ಮನಷ್ಯಾರದೀರಿ, ನಿಮ್ಮ ಮನ್ಯಾಗ ತರೂದಿಲ್ಲಂದ್ರಿ. ಖರೇನ ಖುಷಿ ಆತು. ಆದ್ರ ದವಾಖಾನ್ಯಾಗ ಮಲಗಿದಾಂವ ತತ್ತಿ ಆರಸ್ತಾನೇನ್ರಿ? ಸಾಲ್ಯಾಗಿನ ಕೂಸು ಆರಸ್ತದೇನು? ಕೋಳಿ ಆರಸ್ತದೇನು? ನಾ ಹನ್ನೊಂದು ವರ್ಷ ಅದರ ಕೆಳಗ ಹಿಕ್ಕಿ ಬಾಚೀನಿ, ಬ್ಯಾರೆ ಕೆಲಸ ಸಿಕ್ಕಿದ್ರ ನಾ ಅದನ್ನ ಆರಸ್ತಿದ್ನೇನು? ಇಲ್ಲಿ ಆರಿಸೋರು ಒಬ್ಬರ ಅದಾರ. ಆ ಕಾಗದಕ್ಕ ಸಹಿ ಹಾಕೋರು. ಅದು ನೀವು. ನಿಮ್ಮ ಮನಿಗಿ ಆರಿಸಿದ್ದನ್ನ ಊರಿಗೂ ಆರಸ್ರಿ. ಅಷ್ಟ ನನ್ನ ಮಾತು."

ಕೂರುವ ಮೊದಲು ಮತ್ತೆ ನೆನಪಾಯಿತು ಎಂಬಂತೆ ಸೇರಿಸಿದರು: "ಮತ್ತ ಊರಾಚಿ ಶೆಡ್ಡಿನ ಆ ಮೂಲಿ ಫ್ಯಾನು ಕೆಟ್ಟದ. ಅದನ್ನೂ ನೋಡಸ್ರಿ."

ಸಭೆಯಲ್ಲಿ ನಗು ಎದ್ದಿತು, ಆದರೆ ಸುರಪುರದ ಆ ನಗುವಲ್ಲ. ಹಲೀನಾ ಅಡುಗೆಮನೆಯ ಏಪ್ರನ್ನಿನಲ್ಲೇ ಎದ್ದು, "ಈ ಸಾಲು ಸೇರಿಸಿ, ಅಡುಗೆ ನಾನು ನೋಡಿಕೊಳ್ಳುತ್ತೇನೆ" ಎಂದಷ್ಟೇ ಹೇಳಿದರು. ಕೈಗಳು ಮೇಲೆದ್ದವು. ಎಣಿಸಬೇಕಾಗಲಿಲ್ಲ; ಬಹುಮತ ಕಣ್ಣಿಗೇ ಕಾಣುತ್ತಿತ್ತು. ಹಿರಿಯ ಸದಸ್ಯರು ಕೊನೆಗೆ, ಅರ್ಧ ಮನಸ್ಸಿನಿಂದ, ಮೊಣಕೈ ಮಡಚಿಯೇ ಕೈಯೆತ್ತಿದರು. ಹತ್ತು ವರ್ಷದ ಶನಿವಾರಗಳು ತೆರೆಯದ ಬಾಗಿಲು ಒಂದು ಸಾಲಿನಿಂದ ತೆರೆಯಿತು. ಮಾರ್ತಾ ಮಾನಮ್ಮ ಅವರನ್ನು ನೆಲದಿಂದ ಎತ್ತಿಯೇಬಿಟ್ಟಳು. "ಇಳಸ, ಇಳಸ, ಸೀರಿ ಬಿಚ್ಚತದ!" ಎಂಬ ಕೂಗನ್ನು ಮಾತ್ರ ನಾನು ಅನುವಾದಿಸಲಿಲ್ಲ.

ಮರಳಿ ಸುರಪುರ

ಬಂದ ಮರುದಿನವೇ ಪಟ್ಟಿ ಹೊಸದಾಗಿ ಬರೆದೆವು. ಒಂದು ವಾರ ಪ್ರತಿ ಸಂಜೆ ಮಾನಮ್ಮ ಓಣಿ ಓಣಿ ತಿರುಗಿದರು. ಬುಟ್ಟಿಯ ಕೆಳಗೆ, ಗೂಡಿನಲ್ಲಿ, ಜಾಲಿಯ ಕೊಂಬೆಯ ಮೇಲೆ ಕೂತ ಕೋಳಿಗಳನ್ನು ಮನೆವಾರು ಬರೆಸಿದರು. ಅದರ ಜೊತೆಗೆ ಇನ್ನೊಂದು ಕಾಗದ: ಖರೀದಿ ಷರತ್ತಿಗೆ ಸೇರಿಸಬೇಕಾದ ಒಂದೇ ಸಾಲು. ಈ ಸಲ ಜನರ ಸಹಿ ಕೇಳಲಿಲ್ಲ. ವಸತಿನಿಲಯಗಳ ಅಡುಗೆಯವರ ಸಹಿ ಕೇಳಿದೆವು. ಪಂಜರದ ಮೊಟ್ಟೆಯನ್ನು ದಿನವೂ ಒಡೆಯುವ ಅವರನ್ನು ನಮ್ಮಲ್ಲಿಯೂ ಅದುವರೆಗೆ ಯಾರೂ ಮಾತಾಡಿಸಿರಲಿಲ್ಲ. ಒಬ್ಬರೂ ಇಲ್ಲವೆನ್ನಲಿಲ್ಲ.

ಸಾಹೇಬರು ಹಳೆಯ ಮಾತನ್ನೇ ತೆಗೆದರು: ಜನ ಕೇಳಬೇಕಲ್ಲ. ಮಾನಮ್ಮ ಕೇಳಿದರು: "ಸಾಹೇಬ್ರ, ಹಾಸ್ಟೆಲ್ ಹುಡುಗ್ರು ನಮಗ ಪಂಜರದ ತತ್ತಿನ ಬೇಕಂತ ಅರ್ಜಿ ಕೊಟ್ಟಿದ್ರೇನ್ರಿ? ಇಲ್ಲಲ್ಲ. ಅರ್ಜಿ ಇಲ್ಲದ ಅದನ್ನ ತರಸಿದ್ರಿ. ಇದನ್ನೂ ತರಸ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಪಟ್ಟಿಯನ್ನು ತಾವೇ ಬಂದು ನೋಡುವುದಾಗಿ ಹೇಳಿದರು. ಯಾವಾಗ ಎಂದು ತಿಳಿಸಲಿಲ್ಲ. ಮೂರನೆಯ ದಿನ ಹೊತ್ತು ಮುಳುಗುವ ವೇಳೆಗೆ ಅವರ ಮೋಟರ್ ಸೈಕಲ್ ತಿಂಥಣಿಯ ಓಣಿಯಲ್ಲಿ ನಿಂತಿತು. ಮನೆಮನೆಗೆ ಹೋದರು. ಬುಟ್ಟಿ ಎತ್ತಿಸಿದರು. ಪಟ್ಟಿಗೂ ಕೋಳಿಗೂ ಒಂದು ಮನೆಯಲ್ಲಿಯೂ ವ್ಯತ್ಯಾಸ ಬರಲಿಲ್ಲ. ಕೊನೆಯ ಮನೆಯಲ್ಲಿ ಮಾತ್ರ ಒಂದು ಕಡಿಮೆ ಬಂತು. ಮನೆಯಾಕೆಯ ಮುಖ ಬಿಳಿಚಿತು. ಹುಡುಕುತ್ತ ಹೊರಬಂದರೆ, ಆ ಹೇಂಟೆ ಸಾಹೇಬರ ಮೋಟರ್ ಸೈಕಲ್ಲಿನ ಸೀಟಿನ ಮೇಲೆ ಕುತ್ತಿಗೆ ಒಳಗೆಳೆದುಕೊಂಡು ನಿದ್ದೆಗೆ ಕೂತಿತ್ತು.

"ಸಾಹೇಬ್ರ, ಇದು ನಿಮ್ಮ ಮನಿ ಲೆಕ್ಕಕ್ಕ ಬಂತು ನೋಡ್ರಿ" ಎಂದರು ಮಾನಮ್ಮ.

ಸಾಹೇಬರೂ ನಕ್ಕರು. ಕೋಳಿಯನ್ನು ಅವರೇ ಎತ್ತಿ ಮನೆಯಾಕೆಯ ಕೈಗೆ ಕೊಟ್ಟರು. ಕೊಡುವಾಗ ಎರಡೂ ಕೈ ಬಳಸಿದ್ದನ್ನು ನಾನು ಗಮನಿಸಿದೆ.

ಸುರಪುರ ತಾಲ್ಲೂಕಿನ ವಸತಿನಿಲಯಗಳ ಹೊಸ ಖರೀದಿಯ ಕಾಗದದಲ್ಲಿ ಆ ಸಾಲು ಅಚ್ಚಾಗಿ ಬಂತು: ಪಂಜರದಲ್ಲಿ ಸಾಕಿದ ಕೋಳಿಯ ಮೊಟ್ಟೆಯನ್ನು ಸ್ವೀಕರಿಸುವುದಿಲ್ಲ. ಕೆಲವು ವಸತಿನಿಲಯಗಳಿಗೆ ಮೂವತ್ತೆರಡು ಮನೆಗಳ ಮೊಟ್ಟೆ ಹೋಗತೊಡಗಿತು. ಅವು ಇಡೀ ತಾಲ್ಲೂಕಿಗೆ ಸಾಲುವುದಿಲ್ಲವೆಂದು ನಾವೇ ಬರೆದುಕೊಟ್ಟಿದ್ದೆವು. ಉಳಿದದ್ದನ್ನು ಯಾರಾದರೂ ಕೊಡಲಿ. ಆದರೆ ಕೋಳಿ ನೆಲದ ಮೇಲಿರಬೇಕು, ಕೆಲಸಗಾರರಿಗೆ ಉಸಿರಾಡಲು ಗಾಳಿಯಿರಬೇಕು.

ಕಳೆದ ತಿಂಗಳು ಶೆಡ್ಡಿನ ಮಾಲೀಕ ತನ್ನ ಎರಡು ಶೆಡ್ಡುಗಳಲ್ಲಿ ಒಂದರ ಪಂಜರಗಳನ್ನು ಬಿಚ್ಚಿಸಿದ. ನಾನೂ ಮಾನಮ್ಮ ಅವರೂ ರಸ್ತೆಯಲ್ಲಿ ನಿಂತು ನೋಡಿದೆವು. ತುಕ್ಕು ಹಿಡಿದ ಜಾಲರಿಗಳನ್ನು ಟ್ರ್ಯಾಕ್ಟರಿಗೆ ತುಂಬುತ್ತಿದ್ದರು. ಆತ ನಮ್ಮ ಕಡೆ ಬಂದ.

"ನೀವು ಊರೂರು ಚೀಟಿ ಹಂಚಿದಾಗ ನಾ ಒಂದು ತಂತಿನೂ ಬಿಚ್ಚಿದ್ದಿಲ್ಲ" ಎಂದು ನನಗೆ ಹೇಳಿದ. "ಆರ್ಡರಿನಾಗ ಬರದಾರ, ಬಿಚ್ಚಬೇಕಾತು. ಬರೀದಿದ್ರ ಬಿಚ್ಚತಿದ್ದಿಲ್ಲ, ಖರೇ ಹೇಳ್ತೀನಿ."

ನನ್ನ ಎಂಟು ವರ್ಷದ ಓಡಾಟದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಕೇಳಿಲ್ಲ. ಆತನನ್ನು ಕ್ಷಮಿಸಿದ್ದೇನೆ ಎಂದಲ್ಲ. ಹಿಕ್ಕೆ ಬಾಚಿದವರ ಚಿಕಿತ್ಸೆಯ ಹೊಣೆಯನ್ನು ಆತ ಇನ್ನೂ ಹೊತ್ತಿಲ್ಲ. ಎರಡನೆಯ ಶೆಡ್ಡಿನ ಪಂಜರಗಳು ಹಾಗೆಯೇ ಇವೆ. ಅಲ್ಲಿನ ಮೊಟ್ಟೆ ಶಹಾಪುರ, ಯಾದಗಿರಿಗಳಿಗೆ ಹೋಗುತ್ತಿದೆ. ಏಕೆಂದರೆ ಅಲ್ಲಿನ ಕಾಗದದಲ್ಲಿ ಆ ಸಾಲಿಲ್ಲ.

ಆದ್ದರಿಂದ, ಶಹಾಪುರ ಮತ್ತು ಯಾದಗಿರಿ ತಾಲ್ಲೂಕುಗಳ ವಸತಿನಿಲಯಗಳಿಗೆ, ಶಾಲೆಗಳಿಗೆ, ಆಸ್ಪತ್ರೆಗಳಿಗೆ ಮೊಟ್ಟೆ ತರಿಸುವ ಕಾಗದಕ್ಕೆ ಸಹಿ ಹಾಕುವ ಅಧಿಕಾರಿಗಳೇ, ನೀವು ನಿಮ್ಮ ಮನೆಯಲ್ಲಿ ಏನು ತಿನ್ನುತ್ತೀರಿ ಎಂದು ನಾನು ಕೇಳುವುದಿಲ್ಲ. ಮಕ್ಕಳ ತಟ್ಟೆಯಿಂದ ಒಂದೂ ಮೊಟ್ಟೆ ಕಡಿಮೆಯಾಗಕೂಡದು. ಮುಂದಿನ ಖರೀದಿಯ ಕಾಗದ ನಿಮ್ಮ ಮೇಜಿಗೆ ಬಂದಾಗ ಅದರಲ್ಲಿ ಎರಡು ಸಾಲು ಸೇರಿಸಿ: ಪಂಜರದ ಮೊಟ್ಟೆಯನ್ನು ಸ್ವೀಕರಿಸುವುದಿಲ್ಲ, ಶೆಡ್ಡಿನಲ್ಲಿ ದುಡಿದು ಎದೆ ಕೆಡಿಸಿಕೊಂಡವರ ಚಿಕಿತ್ಸೆಯನ್ನು ಮಾಡಿಸದ ಮಾಲೀಕನಿಗೆ ಗುತ್ತಿಗೆ ಕೊಡುವುದಿಲ್ಲ. ಆ ಎರಡು ಸಾಲುಗಳ ಕೆಳಗೆ ಸಹಿ ಹಾಕಿ.